ಚೀಟಿಯಿಲ್ಲದ ರೋಲ್

ಜನವರಿ ೮

ಪ್ರೀತಿಯ ಅತ್ತೆಗೆ,

ಒಂಬತ್ತನೇ ಫಿಲ್ಮ್ ರೋಲನ್ನು ನಿಮ್ಮ ಸ್ಟುಡಿಯೋಗೆ ಕಳಿಸಿದ್ದೇನೆ. ಹನ್ನೆರಡು ಚಿತ್ರ, ಜೊತೆಗೆ ಹನ್ನೆರಡು ಸಾಲಿನ ಚೀಟಿ. "ಚೀಟಿಯಿಲ್ಲದ ರೋಲನ್ನ ನಾನು ತೊಳೆಯಲ್ಲ, ನೇರ ಕಸದ ಬುಟ್ಟಿಗೆ" ಎಂದು ಕ್ಯಾಮರಾ ಕೈಗೆ ಕೊಟ್ಟ ದಿನವೇ ಹೆದರಿಸಿದ್ದಿರಲ್ಲ, ಆ ಹೆದರಿಕೆ ಇನ್ನೂ ಇದೆ. ಅದಕ್ಕೇ ಜಾಗ, ದೂರ, ಬೆಳಕು, ಯಾರಿದ್ದರು, ಏನು ಮಾಡುತ್ತಿದ್ದರು, ಎಲ್ಲ ಬರೆದಿದ್ದೇನೆ. ನಾಲ್ಕನೆಯದು ಬಸ್ ನಿಲ್ದಾಣದಲ್ಲಿ ಛತ್ರಿ ರಿಪೇರಿ ಮಾಡುವವನು. ಆರು ಅಡಿ ದೂರದಿಂದ.

ಏಳನೇ, ಎಂಟನೇ ರೋಲಿನ ಕಾಂಟ್ಯಾಕ್ಟ್ ಶೀಟ್ ಇನ್ನೂ ಬಂದಿಲ್ಲ. ಮೊದಲೆಲ್ಲ ಹತ್ತು ದಿನದೊಳಗೆ ಬರುತ್ತಿತ್ತು. ಒಂದೇ ಹಾಳೆಯ ಮೇಲೆ ಹನ್ನೆರಡು ಪುಟ್ಟ ಚೌಕ, ಅದರ ಮೇಲೆ ನಿಮ್ಮ ಕೆಂಪು ಪೆನ್ಸಿಲ್ಲಿನ ಗೀಟು, ಬದಿಯಲ್ಲಿ ಬೈಗುಳ. ಬೈಗುಳವೂ ಬರದೇ ಹೋದರೆ ನನಗೆ ಊಟ ರುಚಿಸುವುದಿಲ್ಲ ಅತ್ತೆ. ಆ ಚಿತ್ರಗಳಲ್ಲಿ ನಿಮಗೇನಾದರೂ ಕಂಡಿತೇ? ಕಂಡಿದ್ದರೆ ನೇರವಾಗಿ ಬೈದುಬಿಡಿ, ಸುಮ್ಮನಿರಬೇಡಿ.

ಬಲಗಣ್ಣು ಹೇಗಿದೆ? ಡಾಕ್ಟರಿಗೆ ತೋರಿಸಿದಿರಾ? ಎಡಗಣ್ಣಿನ ಆಪರೇಷನ್ ಕೆಟ್ಟ ಮೇಲೆ ನಿಮಗಿರುವುದು ಅದೊಂದೇ. ಅಪ್ಪ ಇದ್ದಿದ್ದರೆ ತನ್ನ ಅಕ್ಕನನ್ನು ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ನನ್ನ ಮಾತಿಗೆ ಅಷ್ಟು ಬಲವಿಲ್ಲ.

ನಿಮ್ಮ
ಗಡಿಬಿಡಿ


ಜನವರಿ ೧೫

ಗಡಿಬಿಡೀ,

ರೋಲ್ ಬಂತು, ತೊಳೆದೆ, ಒಣಗಿತು. ಶೀಟು ಅಚ್ಚು ಹಾಕುವ ಪೇಪರ್ ಮಾತ್ರ ಬಂದಿಲ್ಲ. ಸರಬರಾಜಿನವನು "ನಾಳೆ ಅಮ್ಮಾ, ನಾಡಿದ್ದು ಅಮ್ಮಾ" ಎಂದು ರಾಗ ಎಳೆಯುತ್ತಿದ್ದಾನೆ. ಬಂದ ಮೇಲೆ ಮೂರೂ ರೋಲಿನ ಶೀಟು ಒಟ್ಟಿಗೆ ಕಳಿಸುತ್ತೇನೆ. ಅಲ್ಲಿಯವರೆಗೆ ಬರೀ ಬೈಗುಳ ತಿಂದು ಹೊಟ್ಟೆ ತುಂಬಿಸಿಕೋ.

ನಾಲ್ಕನೆಯದು: ಛತ್ರಿಯವನ ಕೈ ಚೆನ್ನಾಗಿ ಬಂದಿದೆ. ಆದರೆ ಆರು ಅಡಿ ಯಾಕೆ? ನಿನಗೆಷ್ಟು ಸಲ ಹೇಳಲಿ, ಎದುರಿನವರ ಕೆಮ್ಮು ಕೇಳಿಸುವಷ್ಟು ಹತ್ತಿರ ಹೋಗು ಅಂತ. ಇದು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ ಮೇಲಿನ ಗಾಜಿನಲ್ಲಿ ನೋಡುವ ಕ್ಯಾಮರಾ. ತಲೆ ತಗ್ಗಿಸಿ ನಿಂತವರನ್ನು ಕಂಡು ಯಾರೂ ಹೆದರುವುದಿಲ್ಲ. ಈ ಕ್ಯಾಮರಾದ ಮರ್ಯಾದೆಯೇ ಅದು. ಮೂವತ್ತು ವರ್ಷ ಅದನ್ನು ಹಿಡಿದು ಬೀದಿ ಸುತ್ತಿದವಳು ಹೇಳುತ್ತಿದ್ದೇನೆ.

ಒಂಬತ್ತನೆಯದರಲ್ಲಿ ಬೆಳಕು ಹೆಚ್ಚಾಯಿತು ಎಂದು ನೀನೇ ಬರೆದಿದ್ದೀಯ. ಹೌದು, ಹೆಚ್ಚಾಗಿದೆ.

ಕಣ್ಣಿಗೆ ಏನೂ ಆಗಿಲ್ಲ. ಅಕ್ಷರ ದಪ್ಪ ಕಂಡರೆ ಗಾಬರಿ ಬೀಳಬೇಡ, ಹೊಸ ಪೆನ್ನು. ನಿನಗೆ ಗಡಿಬಿಡಿ ಎಂದು ಹೆಸರಿಟ್ಟವಳು ನಾನೇ, ಗಾಬರಿ ಎಂದು ಇನ್ನೊಂದು ಇಡುವ ಹಾಗೆ ಮಾಡಬೇಡ.

ಅತ್ತೆ


ಜನವರಿ ೨೨

ಪ್ರೀತಿಯ ಅತ್ತೆಗೆ,

ಪೆನ್ನು ದಪ್ಪವಾದರೆ ಅಕ್ಷರ ದಪ್ಪವಾಗಬೇಕು, ಸರಿ. ಸಾಲು ಯಾಕೆ ಸೊಟ್ಟಗಾಗುತ್ತದೆ? ನಿಮ್ಮ ಕಾಗದದ ಕೊನೆಯಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿ ಕೂತಿದೆ. "ಗಾಬರಿ" ಎಂಬ ಮಾತನ್ನು ಬಿಡಿಸಿ ಓದಲು ನನಗೆ ಐದು ನಿಮಿಷ ಬೇಕಾಯಿತು. ಓದಿದ ಮೇಲೆ ಅದೇ ಆಯಿತು.

ಕಚೇರಿಯಲ್ಲಿ ಈ ವಾರ ಕೆಲಸ ಕಡಿಮೆ. ಬಿಡಿಸಬೇಕಾದ ನಕಾಶೆ ಎರಡೇ. ಮಧ್ಯಾಹ್ನದ ಬಿಡುವಿನಲ್ಲಿ ಹತ್ತನೇ ರೋಲ್ ಮುಗಿಸಿದೆ. ಚೀಟಿ ಜೊತೆಗಿದೆ. ಏಳನೆಯದನ್ನು ನೋಡಿ ಹೇಳಿ: ಬೇಕರಿಯ ಮುಂದೆ ಒಬ್ಬ ಅಪ್ಪ, ಅವನ ಮಗಳು. ಮಗಳು ಅಪ್ಪನ ಕೈಗಡಿಯಾರ ಬಿಚ್ಚಲು ಒದ್ದಾಡುತ್ತಿದ್ದಾಳೆ, ಅವನಿಗೆ ಗೊತ್ತೇ ಇಲ್ಲದವನ ಹಾಗೆ ನಿಂತಿದ್ದಾನೆ. ಐದು ಅಡಿ. ಅದು ಚೆನ್ನಾಗಿ ಬಂದಿರಬೇಕು ಎಂದು ಆಸೆ.

ನಿಮ್ಮ
ಗಡಿಬಿಡಿ


ಜನವರಿ ೨೪

ಅತ್ತೆ,

ಬೈಯಬೇಡಿ. ಇಲ್ಲ, ಬೈಯಿರಿ. ನಾಚಿಕೆಯಿಂದ ತಲೆ ಎತ್ತುವ ಹಾಗಿಲ್ಲ.

ಇವತ್ತು ಹೊಸ ರೋಲ್ ಹಾಕಲು ಕ್ಯಾಮರಾ ತೆಗೆದೆ. ಕೆಳಗಿನ ಲೆನ್ಸಿನ ಮೇಲೆ ಕ್ಯಾಪ್ ಹಾಗೇ ಕೂತಿತ್ತು. ಅದು ಸಡಿಲವಾಗಿ ಬೀಳುತ್ತಿತ್ತು ಎಂದು ಭಾನುವಾರ ಅದರ ಮೇಲೆ ಅಡ್ಡಕ್ಕೆ ಒಂದು ಟೇಪ್ ಅಂಟಿಸಿದ್ದೆ. ಟೇಪ್ ಒಂಚೂರೂ ಅಲುಗಿಲ್ಲ. ಅಂದರೆ ಹತ್ತನೇ ರೋಲ್ ಪೂರ್ತಿ ಕ್ಯಾಪ್ ಹಾಕಿಕೊಂಡೇ ತೆಗೆದಿದ್ದೇನೆ! ನೋಡುವುದು ಮೇಲಿನ ಲೆನ್ಸಿನಲ್ಲಿ, ಫಿಲ್ಮಿಗೆ ಬೆಳಕು ಹೋಗುವುದು ಕೆಳಗಿನದರಲ್ಲಿ. ನನಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು, ಫಿಲ್ಮಿಗೆ ಏನೂ ಕಾಣುತ್ತಿರಲಿಲ್ಲ. ಹೊಸಬರಿಗೆ ನೀವು ಹೇಳಿಕೊಡುವ ಮೊದಲನೇ ಪಾಠವೇ ಇದು.

ರೋಲ್ ಅಷ್ಟರಲ್ಲಿ ಅಂಚೆಗೆ ಹೋಗಿಯಾಗಿತ್ತು. ತೊಳೆಯುವ ತೊಂದರೆ ತೆಗೆದುಕೊಳ್ಳಬೇಡಿ. ಹನ್ನೆರಡೂ ಖಾಲಿ. ಅಪ್ಪನೂ ಇಲ್ಲ, ಮಗಳೂ ಇಲ್ಲ.

ನಿಮ್ಮ
ಗಡಿಬಿಡಿ (ಹೆಸರಿಗೆ ತಕ್ಕವಳು)


ಜನವರಿ ೨೬

ಗಡಿಬಿಡೀ,

ಹತ್ತನೇ ರೋಲ್ ನಿನ್ನೆ ಬಂತು, ನಿನ್ನೆಯೇ ತೊಳೆದೆ. ಈ ಸಲ ಬೈಗುಳ ಕಡಿಮೆ. ಏನೋ ಕಲಿಯುತ್ತಿದ್ದೀಯ.

ಏಳನೆಯದು ಬಹಳ ಚೆನ್ನಾಗಿದೆ. ಆ ಮಗುವಿನ ಬೆರಳು, ಗಡಿಯಾರದ ಪಟ್ಟಿ, ಅಪ್ಪನ ಮುಖದಲ್ಲಿ ಗೊತ್ತಿಲ್ಲದ ಹಾಗೆ ನಟಿಸುವ ಆ ನಗೆ. ದೊಡ್ಡದು ಮಾಡಿಸಿ ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಹಾಕೋಣ ಅನಿಸಿದೆ. ಪಕ್ಕದ ದರ್ಜಿಗೂ ತೋರಿಸಿದೆ, ಮೆಚ್ಚಿದ.

ಸಾಲು ಸೊಟ್ಟ ಅಂದೆಯಲ್ಲ, ಟೇಬಲ್ಲಿನ ಕಾಲು ಅಲುಗಾಡುತ್ತಿತ್ತು. ಈಗ ಸರಿಮಾಡಿಸಿದ್ದೇನೆ.

ಅತ್ತೆ


ಜನವರಿ ೩೦

ಅತ್ತೆ,

ನಿಮ್ಮ ಕಾಗದವನ್ನು ಎರಡೆರಡು ಸಲ ಓದಿದೆ. ನನ್ನದು ತಲುಪುವ ಮೊದಲೇ ನೀವು ಇದನ್ನು ಬರೆದಿದ್ದೀರಿ ಎಂದು ತಾರೀಖು ನೋಡಿದರೆ ತಿಳಿಯುತ್ತದೆ.

ಏಳನೆಯದರಲ್ಲಿ ಏನೂ ಇಲ್ಲ ಅತ್ತೆ. ಬೆರಳಿಲ್ಲ, ಪಟ್ಟಿಯಿಲ್ಲ, ನಗೆಯಿಲ್ಲ. ಆ ನೆಗೆಟಿವ್ ಕುಡಿಯುವ ನೀರಿನ ಹಾಗೆ ತಿಳಿಯಾಗಿರಬೇಕು. ಬೆಳಕಿಗೆ ಹಿಡಿದರೆ ಕಣ್ಣಿದ್ದ ಯಾರಿಗಾದರೂ ಗೊತ್ತಾಗುತ್ತದೆ.

ನೀವು ನೋಡಲೇ ಇಲ್ಲವೋ, ನೋಡಿದರೂ ಕಾಣಲಿಲ್ಲವೋ? ಎಷ್ಟು ದಿನದಿಂದ? ಪೇಪರ್ ಬಂದಿಲ್ಲ ಎಂದದ್ದು ನಿಜವೇ? ನನ್ನ ಚೀಟಿ ಓದಿ ಓದಿ ಅದನ್ನೇ ನನಗೆ ತಿರುಗಿಸಿ ಬರೆಯುತ್ತಿದ್ದಿರಾ?

ದಯವಿಟ್ಟು ಒಂದೇ ಸಾಲು ಬರೆಯಿರಿ. ಸೊಟ್ಟಗಿದ್ದರೂ ಪರವಾಗಿಲ್ಲ.

ಗಡಿಬಿಡಿ


ಫೆಬ್ರುವರಿ ೬

ಅತ್ತೆ,

ವಾರವಾಯಿತು. ಸ್ಟುಡಿಯೋಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತಿದ್ದು ಪ್ರತಿ ಸಲವೂ ಪಕ್ಕದ ದರ್ಜಿಯೇ. "ಅಮ್ಮಾವ್ರು ಡಾರ್ಕ್ ರೂಮಲ್ಲಿದ್ದಾರೆ ಕಣಮ್ಮಾ, ಈಗ ಬಾಗಿಲು ತೆಗೆಯೋ ಹಾಗಿಲ್ಲ" ಎಂದರು. ಬೆಳಗ್ಗೆ ಹತ್ತಕ್ಕೂ ಅದೇ, ಸಂಜೆ ಐದಕ್ಕೂ ಅದೇ. ನಾಲ್ಕನೇ ಸಲ ನಾನೇ, "ಯಾವ ರೋಲ್ ತೊಳೀತಿದ್ದಾರೆ?" ಎಂದೆ. ಪಾಪ, ಅವರಿಗೆ ಸುಳ್ಳು ಹೇಳಿ ರೂಢಿಯಿಲ್ಲ. "ಅದು... ಬಿಳೀದು" ಎಂದು ಫೋನ್ ಇಟ್ಟುಬಿಟ್ಟರು.

ನಕಾಶೆಯಲ್ಲಿ ಇವತ್ತು ಒಂದು ರಸ್ತೆಯನ್ನು ಕೆರೆಯೊಳಗೆ ಎಳೆದುಬಿಟ್ಟೆ. ಮೇಲಿನವರು ಬೈದರು. ನಿಮ್ಮ ಉತ್ತರ ಬರದಿದ್ದರೆ ಇನ್ನೂ ಎಷ್ಟು ರಸ್ತೆ ಮುಳುಗುತ್ತವೋ.

ಗಡಿಬಿಡಿ


ಫೆಬ್ರುವರಿ ೧೦

ಗಡಿಬಿಡೀ,

ಇದನ್ನು ಕಾಗದದ ಮೇಲೆ ಅಡಿಪಟ್ಟಿ ಇಟ್ಟು ಬರೆಯುತ್ತಿದ್ದೇನೆ. ಸಾಲು ನೆಟ್ಟಗಿದ್ದರೆ ಪುಣ್ಯ ಪಟ್ಟಿಯದು.

ಕಣ್ಣಲ್ಲಿ ಪೊರೆ. ಬೂದಿ ಬಣ್ಣದ ಪರದೆಯೊಳಗೆ ಕೂತ ಹಾಗಿದೆ. ದೀಪ ಎಲ್ಲಿದೆ ಗೊತ್ತಾಗುತ್ತದೆ, ಬಾಗಿಲು ಗೊತ್ತಾಗುತ್ತದೆ, ಬಂದವರು ಯಾರು ಎಂದು ದನಿಯಿಂದ ತಿಳಿಯಬೇಕು. ನಾಲ್ಕು ತಿಂಗಳಾಯಿತು. ಫಿಲ್ಮ್ ತೊಳೆಯಲು ತೊಂದರೆಯಿಲ್ಲ, ಕತ್ತಲೆಯಲ್ಲಿ ಎಂದೂ ಕೈಯಿಂದಲೇ ಮಾಡಿದ್ದು. ದೀಪ ಹಾಕಿದ ಮೇಲೆಯೇ ನನ್ನ ಕಷ್ಟ ಶುರು. ಏಳನೇ ರೋಲಿನಿಂದ ಒಂದು ಶೀಟನ್ನೂ ಮಾಡಿಲ್ಲ. ಪೇಪರ್ ಕಪಾಟಿನಲ್ಲಿ ಬೇಕಾದಷ್ಟಿದೆ.

ನಿನ್ನ ಚೀಟಿಗಳನ್ನು ದರ್ಜಿ ಓದಿ ಹೇಳುತ್ತಾನೆ. ತಡವರಿಸಿ ಓದುತ್ತಾನೆ, ನಡುನಡುವೆ ತನ್ನ ಅಭಿಪ್ರಾಯವನ್ನೂ ಹೊಲಿಯುತ್ತಾನೆ. ನಿನ್ನ ಕ್ಯಾಪಿನ ಕಾಗದವನ್ನೂ ಅವನೇ ಓದಿದ. ಓದಿ ಮುಗಿಸಿ ಕಾಗದ ಮಡಚಿ ನನ್ನ ಕೈಗಿಟ್ಟ. ಆಮೇಲೆ "ಅಮ್ಮಾವ್ರೇ, ನಾನು ಆ ಚಿತ್ರ ನೋಡಿ ಮೆಚ್ಚಿದ್ದೆ ಅಂತ ಬರೆದಿದ್ರಲ್ಲ, ನನ್ನನ್ಯಾಕೆ ಎಳೆದ್ರಿ?" ಎಂದ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಡಾಕ್ಟರು ಇಪ್ಪತ್ತೈದಕ್ಕೆ ಆಪರೇಷನ್ ಅನ್ನುತ್ತಾರೆ. ಇನ್ನು ತಡಮಾಡಿದರೆ ಪೊರೆ ಗಟ್ಟಿಯಾಗಿ ಕಷ್ಟವಾಗುತ್ತದಂತೆ. ಎಡಗಣ್ಣಿಗೂ ಇಂಥವರೇ ಒಬ್ಬರು ಹೀಗೇ ನಗುನಗುತ್ತಾ ಹೇಳಿದ್ದರು. ನನಗೆ ಭಯವಾಗಿದೆ ಕಣೇ. ಈಗ ಮಬ್ಬಾದರೂ ಬೆಳಕೆಂಬುದಿದೆ. ಅದೂ ಹೋದರೆ ನಾನು ಏನು ನೋಡಿಕೊಂಡು ಬದುಕಲಿ? ಬೇಡ ಎಂದು ಹೇಳಿಬಿಡೋಣ ಅಂದುಕೊಂಡಿದ್ದೇನೆ.

ಅತ್ತೆ


ಫೆಬ್ರುವರಿ ೧೪

ಅತ್ತೆ,

ಬೇಡ ಎಂದು ಹೇಳಿಬಿಟ್ಟರೆ ನಾನು ನಿಮ್ಮೊಂದಿಗೆ ಮಾತು ಬಿಡುತ್ತೇನೆ. ಇದು ಬೆದರಿಕೆ. ಬೇರೆ ದಾರಿ ತೋಚುತ್ತಿಲ್ಲ.

ನನಗೂ ಭಯವಿದೆ. ನಿಮಗಿಂತ ಹೆಚ್ಚೇ ಇರಬಹುದು, ನೀವು ನನ್ನ ಹಾಗೆ ಉಗುರು ಕಚ್ಚುವವರಲ್ಲ. ಆದರೆ ಏನೂ ಮಾಡದೆ ಕೂತರೂ ಪೊರೆ ಬೆಳೆಯುತ್ತದೆ ತಾನೇ? ಸುಮ್ಮನಿದ್ದರೆ ಇರುವ ಬೆಳಕು ಖಂಡಿತ ಹೋಗುತ್ತದೆ. ಆಪರೇಷನ್ ಮಾಡಿಸಿದರೆ ಉಳಿಯಬಹುದು. ಆ "ಬಹುದು" ನನಗೆ ಸಾಕು.

ರಜೆ ಬರೆದಾಗಿದೆ. ಇಪ್ಪತ್ನಾಲ್ಕರ ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನ ಅಲ್ಲಿರುತ್ತೇನೆ. ಐದು ದಿನ ನಿಮ್ಮ ಜೊತೆ. ದರ್ಜಿಯವರಿಗೆ ನನ್ನ ನಮಸ್ಕಾರ ಹೇಳಿ, ಇದನ್ನೂ ಅವರೇ ಓದುತ್ತಿದ್ದಾರೆ ಎಂದು ಗೊತ್ತು.

ನನಗೂ ನಿಮಗೆ ಹೇಳಬೇಕಾದ್ದೊಂದು ಇದೆ. ಬಂದಾಗ ಹೇಳುತ್ತೇನೆ.

ನಿಮ್ಮ
ಗಡಿಬಿಡಿ


ಮಾರ್ಚ್ ೧೨

ಪ್ರೀತಿಯ ಅತ್ತೆಗೆ,

ಬಂದು ಹತ್ತು ಹನ್ನೆರಡು ದಿನವಾದರೂ ನನ್ನ ಮನಸ್ಸು ಆ ಆಸ್ಪತ್ರೆಯ ಬೆಂಚಿನ ಮೇಲೇ ಕೂತಿದೆ. ಹನಿ ಹಾಕಿಕೊಳ್ಳುತ್ತಿದ್ದೀರಾ? ತಲೆಗೆ ನೀರು ಹಾಕಿಕೊಂಡಿಲ್ಲ ತಾನೇ?

ಒಂದು ಮಾತು ಒಳಗೇ ಕೊರೆಯುತ್ತಿದೆ. ಕಟ್ಟು ಬಿಚ್ಚಿದ ದಿನ ನರ್ಸು "ಎಷ್ಟು ಬೆರಳಮ್ಮಾ?" ಎಂದಾಗ ನೀವು "ಮೂರು" ಎಂದಿರಿ. ಎಲ್ಲರೂ ಖುಷಿಪಟ್ಟರು. ಆದರೆ ಅವಳು ಕೈ ಎತ್ತುವ ಮೊದಲೇ ನೀವು ಹೇಳಿದ್ದಿರಿ, ನಾನು ನೋಡಿದೆ. ಪಕ್ಕದ ಹಾಸಿಗೆಯವರಿಗೂ, ಅದರ ಪಕ್ಕದವರಿಗೂ ಅವಳು ಮೂರೇ ತೋರಿಸಿದ್ದಳು. ಅವರು ಮೂರು ಎಂದದ್ದನ್ನು ನೀವು ಕೇಳಿಸಿಕೊಂಡಿದ್ದಿರಿ. ಕಾಣದ್ದನ್ನು ಕಂಡೆ ಅನ್ನುವುದರಲ್ಲಿ ನೀವು ಪಳಗಿದ್ದೀರಿ, ಕೋಪ ಮಾಡಿಕೊಳ್ಳಬೇಡಿ, ಆದರೆ ನಿಮ್ಮ ಬಾಯಿಮಾತನ್ನು ನಾನು ಇನ್ನು ನಂಬುವ ಹಾಗಿಲ್ಲ.

ಅದಕ್ಕೇ ಹನ್ನೊಂದನೇ ರೋಲ್ ಕಳಿಸಿದ್ದೇನೆ. ಇದಕ್ಕೆ ಚೀಟಿಯಿಲ್ಲ. ಕಸದ ಬುಟ್ಟಿಗೆ ಹಾಕಬೇಡಿ. ಹೊಸ ಕನ್ನಡಕ ಬಂದ ಮೇಲೆ ಶೀಟು ಮಾಡಿ, ನೋಡಿ, ಒಳಗೇನಿದೆ ಎಂದು ನೀವೇ ನನಗೆ ಚೀಟಿ ಬರೆಯಿರಿ. ಹನ್ನೆರಡನೆಯದನ್ನು ಚೆನ್ನಾಗಿ ನೋಡಿ. ಅಲ್ಲಿಗೆ ಬಂದಾಗ ಹೇಳುತ್ತೇನೆ ಎಂದಿದ್ದೆ, ಐದು ದಿನವೂ ಬಾಯಿ ಬರಲಿಲ್ಲ. ಅದನ್ನು ಅಲ್ಲಿಟ್ಟಿದ್ದೇನೆ.

ನಿಮ್ಮ
ಗಡಿಬಿಡಿ


ಮಾರ್ಚ್ ೨೮

ಅತ್ತೆ,

ರೋಲ್ ತಲುಪಿತೇ? ಕನ್ನಡಕ ಬಂತೇ? ಇವತ್ತು ಅಂಚೆಯವನು ನನ್ನನ್ನು ಕಂಡ ಕೂಡಲೇ ದೂರದಿಂದಲೇ ಇಲ್ಲ ಎಂದು ಕೈಯಾಡಿಸಿದ. ನಿಮಗೆ ಕಾಣದೇ ಇದ್ದರೆ ಕಾಣುವುದಿಲ್ಲ ಎಂದೇ ಬರೆಯಿರಿ. ನಾನು ಅಲ್ಲಿಗೇ ಬಂದುಬಿಡುತ್ತೇನೆ. ನಿಮ್ಮ ಬಾಯಿಂದ ಇನ್ನೊಂದು "ಮೂರು" ಮಾತ್ರ ಬೇಡ.

ಗಡಿಬಿಡಿ


ಏಪ್ರಿಲ್ ೯

ಗಡಿಬಿಡೀ,

ಕನ್ನಡಕ ಮೊನ್ನೆ ಬಂತು. ಬಂದ ದಿನ ಮೊದಲು ನೋಡಿದ್ದು ದರ್ಜಿಯನ್ನು. ಅವನಿಗೆ ಇಷ್ಟು ವಯಸ್ಸಾಗಿದೆ ಎಂದು ನನಗೆ ಗೊತ್ತಿರಲಿಲ್ಲ. "ನಿಮಗೂ ಆಗಿದೆ ಅಮ್ಮಾವ್ರೇ, ಕನ್ನಡಿ ನೋಡ್ಕೊಳ್ಳಿ" ಎಂದ.

ಆಮೇಲೆ ಬಾಗಿಲು ಹಾಕಿಕೊಂಡು ಕೂತು ಏಳು, ಎಂಟು, ಒಂಬತ್ತು, ಹನ್ನೊಂದು, ನಾಲ್ಕೂ ರೋಲಿನ ಶೀಟು ಮಾಡಿದೆ. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದೆ. ಇಗೋ ನಿನ್ನ ಚೀಟಿ.

ನಲವತ್ತೇಳು ಚಿತ್ರದಲ್ಲಿ ಬರೀ ನೆತ್ತಿಗಳು. ಒಬ್ಬರ ಮುಖವೂ ಇಲ್ಲ. ಎಲ್ಲದರಲ್ಲೂ ಎಡಮೂಲೆಯಲ್ಲಿ ಅದೇ ದೀಪದ ಕಂಬ, ಅದೇ ಬಾಗಿದ ತಗಡಿನ ಬೋರ್ಡು. ಕೆಲವುಗಳ ಅಂಚಿನಲ್ಲಿ ಕಿಟಕಿಯ ಸರಳು. ಛತ್ರಿಯವನ ಕೈ ಎಂದು ನಾನು ಹೊಗಳಿದ್ದೆನಲ್ಲ, ಅಲ್ಲಿರುವುದು ಕೈಯೂ ಅಲ್ಲ, ಕಾಲೂ ಅಲ್ಲ, ಒಂದು ಕಪ್ಪು ಚುಕ್ಕೆ. ಆರು ಅಡಿಯಂತೆ! ಅರವತ್ತು ಅಡಿ. ಮೂರನೇ ಮಹಡಿ. ನಿನ್ನ ಕಚೇರಿಯ ಮೆಟ್ಟಿಲ ಕಿಟಕಿ, ಅಲ್ಲಿಗೆ ಬಂದಾಗ ನಾನೇ ನಿಂತು ನೋಡಿದ್ದೆ. ಐದು ತಿಂಗಳಿಂದ ನನ್ನ ಕ್ಯಾಮರಾ ಬೀದಿಗೆ ಇಳಿದಿಲ್ಲ.

ನನಗೆ ಕಣ್ಣಿಲ್ಲದಾಗ ನೀನು ನನ್ನ ಕಣ್ಣಿಗೆ ಮಣ್ಣೆರಚಿದೆ ಎಂದು ಸಿಟ್ಟು ಬಂತು. ಆಮೇಲೆ ನಗು ಬಂತು. ನೀನು ಹೋಗದ ಬೀದಿಯ ಚೀಟಿ ಬರೆದೆ, ನಾನು ಕಾಣದ ಚಿತ್ರಕ್ಕೆ ಬೈದೆ. ನಡುವೆ ದರ್ಜಿ ಪಾಪ ನಿಷ್ಠೆಯಿಂದ ಓದಿದ.

ಹನ್ನೊಂದನೇ ರೋಲಿನ ಹನ್ನೆರಡನೆಯದು. ಕೈತೊಳೆಯುವ ಕನ್ನಡಿ. ಎದುರಿಗೆ ನೀನು. ಇಳಿದುಹೋಗಿದ್ದೀಯ. ಹೊಟ್ಟೆಯ ಹತ್ತಿರ ಕ್ಯಾಮರಾ. ಅದರ ಮೇಲಿನ ಮುಚ್ಚಳದ ಎಡಮೂಲೆ ಒಳಗೆ ನುಗ್ಗಿದೆ. ಕನ್ನಡಿಯಲ್ಲಿ ಎಡ, ಅಂದರೆ ಎದುರಿನಿಂದ ನೋಡಿದರೆ ನಿಜಕ್ಕೂ ಬಲಮೂಲೆ. ಕ್ಯಾಪ್ ಸಡಿಲ ಎಂದು ನೀನು ಬರೆದಾಗಲೇ ನನಗೆ ಹೊಳೆಯಬೇಕಿತ್ತು. ಮೂವತ್ತು ವರ್ಷ ಸಡಿಲವಾಗದ್ದು ಈಗ ಯಾಕಾಯಿತು? ಇಲ್ಲಿಗೆ ಬಂದಾಗಲೂ ಕ್ಯಾಮರಾ ತರಲಿಲ್ಲ, ಕಚೇರಿಯಲ್ಲೇ ಉಳೀತು ಅಂದೆ.

ಹಾಳಾಗಲಿ ಮುಚ್ಚಳ. ನಿನಗೇನಾಯಿತು?

ಅತ್ತೆ


ಏಪ್ರಿಲ್ ೧೩

ಅತ್ತೆ,

ಬಲಮೂಲೆ. ಆ ಮಾತನ್ನು ಓದಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಿಮಗೆ ಕಾಣುತ್ತಿದೆ. ನಿಜವಾಗಿಯೂ ಕಾಣುತ್ತಿದೆ.

ಏನಾಯಿತೆಂದರೆ, ನವೆಂಬರಿನಲ್ಲಿ ಹಳೇ ಸಾಮಾನಿನ ಬೀದಿಯಲ್ಲಿ ಒಬ್ಬ ಹೆಂಗಸು ಗೋಣಿಚೀಲದ ರಾಶಿಯ ಮೇಲೆ ಮಲಗಿದ್ದಳು. ಮಧ್ಯಾಹ್ನದ ಬಿಸಿಲು ಅವಳ ಪಾದದ ಮೇಲೆ ಮಾತ್ರ ಬಿದ್ದಿತ್ತು. ಹತ್ತಿರ ಹೋಗಿ ತೆಗೆಯುತ್ತಿದ್ದೆ. ಯಾರೋ "ಯಾರನ್ನ ಕೇಳಿ ತೆಗೀತಿದ್ದೀಯಾ?" ಎಂದು ಕೂಗಿದರು. ನೋಡನೋಡುತ್ತಿದ್ದಂತೆ ಸುತ್ತ ಹತ್ತು ಜನ. ಒಬ್ಬ ಕ್ಯಾಮರಾದ ಬೆಲ್ಟು ಹಿಡಿದು ಎಳೆದ, ಅದು ಹೋಗಿ ಅಂಗಡಿಯ ಕಬ್ಬಿಣದ ಬಾಗಿಲಿಗೆ ಬಡಿಯಿತು. ಆದರೆ ಅದಲ್ಲ ಅತ್ತೆ. ಗಲಾಟೆಗೆ ಆ ಹೆಂಗಸು ಎಚ್ಚರಗೊಂಡು, ನನ್ನನ್ನೂ ಕ್ಯಾಮರಾವನ್ನೂ ಕಂಡು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ತಲೆ ತಗ್ಗಿಸಿ ನಿಂತವರನ್ನು ಕಂಡು ಯಾರೂ ಹೆದರುವುದಿಲ್ಲ ಎಂದು ನೀವು ಹೇಳಿದ್ದಿರಿ. ಅವಳು ಹೆದರಿದಳು.

ಅಂದಿನಿಂದ ಕ್ಯಾಮರಾ ಹೆಗಲಿಗೆ ಹಾಕಿ ಗೇಟಿನ ತನಕ ಹೋಗುತ್ತೇನೆ. ವಾಪಸ್ ಬಂದು ಕಿಟಕಿಯಲ್ಲಿ ನಿಲ್ಲುತ್ತೇನೆ. ನೀವು ಶೀಟು ನೋಡಿ ಹಿಡಿಯುತ್ತೀರಿ, ಬೈಯುತ್ತೀರಿ, ಆಗ ಎಲ್ಲ ಹೇಳಿಬಿಡಬಹುದು ಎಂದು ಕಾದೆ. ನೀವು ಹಿಡಿಯಲೇ ಇಲ್ಲ.

ಗಡಿಬಿಡಿ


ಏಪ್ರಿಲ್ ೧೭

ಗಡಿಬಿಡೀ,

ತಪ್ಪು ನಿನ್ನದಿದೆ, ನನ್ನದೂ ಇದೆ. ಹತ್ತಿರ ಹೋಗು ಅಂತ ಸಾವಿರ ಸಲ ಹೇಳಿದವಳು, ಮಲಗಿದವರ ಹತ್ತಿರ ಹೋಗುವ ಮುಂಚೆ ಕಾಯಬೇಕು, ಎದ್ದ ಮೇಲೆ ಕೇಳಬೇಕು ಅಂತ ಒಂದು ಸಲವೂ ಹೇಳಲಿಲ್ಲ. ನಾನೂ ಕೇಳದೆ ತೆಗೆದವಳೇ. ನನ್ನ ಅದೃಷ್ಟ, ಯಾರಿಗೂ ಎಚ್ಚರವಾಗಲಿಲ್ಲ.

ಇಪ್ಪತ್ಮೂರಕ್ಕೆ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಒಬ್ಬಳೇ. ಬಸ್ಸಿನ ಬೋರ್ಡು ಓದಬಲ್ಲೆ. ನೀನು ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಗೇಟಿನ ಹೊರಗೆ ನಿಂತಿರು. ಒಳಗಲ್ಲ, ಹೊರಗೆ. ಉಳಿದದ್ದು ಅಲ್ಲಿ ನೋಡೋಣ.

ಕ್ಯಾಪ್ ತೆಗೆದಿರು.

ಅತ್ತೆ


ಏಪ್ರಿಲ್ ೨೪

ಅತ್ತೆ, ನೀವು ಮಲಗಿದ್ದೀರಿ, ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿದೆ. ರೋಲನ್ನೂ ಈ ಚೀಟಿಯನ್ನೂ ನಿಮ್ಮ ಚೀಲದಲ್ಲೇ ಇಡುತ್ತಿದ್ದೇನೆ. ಈ ಸಲ ಸುಳ್ಳಿಲ್ಲ.

ರೋಲ್ ೧೨

೧. ಕಚೇರಿಯ ಗೇಟು, ಹೊರಗಿನಿಂದ. ಕ್ಯಾಮರಾ ಅಲುಗಿದೆ.

೨. ಅದೇ ಗೇಟು. ಮತ್ತೆ ಅಲುಗಿದೆ. "ಒಂದು ಗೇಟಿಗೆ ಎಷ್ಟು ಫಿಲ್ಮೇ?" ಎಂದಿರಿ.

೩, ೪, ೫. ಕಂಬ, ತಗಡಿನ ಬೋರ್ಡು, ಬೋರ್ಡಿನ ಕೆಳಗಿನ ಅಂಗಡಿಯವರು. ಕೆಳಗಿನಿಂದ. ಅವರಿಗೊಂದು ಮುಖವಿದೆ ಎಂದು ಮೊದಲ ಸಲ ನೋಡಿದ್ದು.

೬. ಛತ್ರಿಯವನ ಕೈ. ಕೇಳಿ ತೆಗೆದದ್ದು. ನಾಲ್ಕು ಅಡಿ.

೭. ಕೆಟ್ಟಿದೆ. ಯಾರೋ "ಏನ್ರೀ ಅದು?" ಎಂದರು, ನಾನು ಬೆಚ್ಚಿ ಗುಂಡಿ ಒತ್ತಿದೆ. ಅವರು ಕ್ಯಾಮರಾ ಯಾವ ಕಾಲದ್ದು ಎಂದು ಕೇಳಲು ಬಂದವರು.

೮. ಹಳೇ ಸಾಮಾನಿನ ಬೀದಿ, ತುದಿಯಿಂದ. ಒಳಗೆ ಹೋಗಲು ಹತ್ತು ನಿಮಿಷ ಬೇಕಾಯಿತು. ನೀವು ಅವಸರ ಮಾಡಲಿಲ್ಲ.

೯. ಆ ಹೆಂಗಸಿನ ಚಪ್ಪಲಿ. ಮುಖ ತೆಗೆಯಲೇ ಎಂದು ಕೇಳಿದೆ, ಬೇಡ ಎಂದಳು. ಚಪ್ಪಲಿ ತೆಗೆಯಲೇ ಎಂದೆ, ನಕ್ಕುಬಿಟ್ಟಳು. ಅವಳಿಗೆ ನನ್ನ ನೆನಪಿರಲಿಲ್ಲ. ಅಥವಾ ಇತ್ತೋ ಏನೋ.

೧೦, ೧೧. ಅವಳ ಗೋಣಿಚೀಲಗಳು, ಬಿಸಿಲಲ್ಲಿ.

೧೨. ನೀವು. ಹೊಸ ಕನ್ನಡಕ, ತಲೆಯ ಹಿಂದೆ ಬೀದಿ. ಮೂರು ಅಡಿ. ಗಾಜಿನಲ್ಲಿ ನೋಡುತ್ತಾ ನಾನು ಕಾದೆ, ನೀವು ಬೇಕಂತಲೇ ಸುಮ್ಮನಿದ್ದಿರಿ. ಆಮೇಲೆ ಕೆಮ್ಮಿದಿರಿ. ಕೇಳಿಸಿತು, ಒತ್ತಿದೆ.